ಡ್ರೆಸ್ಡನ್‌ನಿಂದ ವಿಜಯಪುರ: ವಿದ್ಯಾರ್ಥಿ ಜೇಬಿಗೆ ಹೊಂದುವ ಊರಿನ ದಾರಿ

ಜರ್ಮನಿಗೆ ಓದಲು ಬರುವ ನಮ್ಮ ಕಡೆಯ ಎಷ್ಟೋ ಮಕ್ಕಳು, ಡಿಗ್ರಿ ಮುಗಿಯುವ ತನಕ ಊರಿಗೆ ಹೋಗುವ ಮಾತೇ ಇಲ್ಲ ಎಂದು ತೀರ್ಮಾನಿಸಿಕೊಂಡೇ ವಿಮಾನ ಹತ್ತುತ್ತಾರೆ. ಸಾಲ ತೆಗೆದು ಬಂದಿರುತ್ತೇವೆ. ಹೊಲದ ಕಾಗದ ಬ್ಯಾಂಕಿನಲ್ಲಿರುತ್ತದೆ. ಇಂಥದ್ದರಲ್ಲಿ ಊರಿಗೆ ಹೋಗುವುದು ಶೋಕಿ ಅನ್ನಿಸುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ವರ್ಷಕ್ಕೊಮ್ಮೆ ಮನೆಯವರ ಮುಖ ನೋಡಿ ಬರುವುದೂ ಬಾಡಿಗೆ, ಇನ್ಶೂರೆನ್ಸ್‌ನಂತೆ ಒಂದು ಖರ್ಚು. ಮೊದಲ ತಿಂಗಳಿನಿಂದಲೇ ಅದನ್ನು ಲೆಕ್ಕಕ್ಕೆ ಹಿಡಿದರೆ ಹೋಗಿಬರಲು ಆಗುತ್ತದೆ. ನಾನು ಓದುತ್ತಿರುವುದು ಡ್ರೆಸ್ಡನ್‌ನಲ್ಲಿ, ಊರು ವಿಜಯಪುರ ಜಿಲ್ಲೆ. ಈ ದಾರಿಯಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ತಾರೀಖಿನ ಮಾತು. ವಿಮಾನದ ದರವನ್ನು ಕಂಪನಿಗಿಂತ ಜಾಸ್ತಿ ತಾರೀಖೇ ನಿರ್ಧರಿಸುತ್ತದೆ. ಫೆಬ್ರವರಿ ಕೊನೆಯಿಂದ ಮಾರ್ಚ್ ಒಳಗೆ ಹೋಗಿಬರುವ ಟಿಕೆಟ್ ನನಗೆ 550ರಿಂದ 700 ಯೂರೋ ಒಳಗೆ ಸಿಕ್ಕಿದೆ. ಅದೇ ದಾರಿಗೆ ಕ್ರಿಸ್‌ಮಸ್ ಹೊತ್ತಿನಲ್ಲಿ ಮತ್ತು ಜುಲೈ ಕೊನೆ, ಆಗಸ್ಟ್‌ನಲ್ಲಿ 1,000 ಯೂರೋ ದಾಟಿದ್ದನ್ನೂ ನೋಡಿದ್ದೇನೆ. ಒಂದು ಯೂರೋಗೆ ಸುಮಾರು ನೂರು ರೂಪಾಯಿ ಎಂದು ಹಿಡಿಯಿರಿ, ಆ ವ್ಯತ್ಯಾಸ ಮನೆಯವರಿಗೆ ಎಷ್ಟು ದೊಡ್ಡದು ಗೊತ್ತಾಗುತ್ತದೆ. ಡಿಸೆಂಬರ್‌ನಲ್ಲಿ ಎರಡೇ ವಾರ ರಜೆ, ಬಂದ ಕೂಡಲೇ ಪರೀಕ್ಷೆಯ ಓದು. ಆ ದುಡ್ಡಿಗೆ ಆ ಓಟ ಬೇಡ ಎನ್ನುವುದು ನನ್ನ ಸಲಹೆ.

ಚಳಿಗಾಲದ ಸೆಮೆಸ್ಟರ್‌ನ ಪಾಠ ಫೆಬ್ರವರಿ ಮೊದಲರ್ಧದಲ್ಲಿ ಮುಗಿಯುತ್ತದೆ, ಮುಂದಿನದು ಏಪ್ರಿಲ್‌ನಲ್ಲಿ ಶುರು. ನಡುವೆ ಪರೀಕ್ಷೆ ಇರುತ್ತದೆ, ಅದು ಮುಗಿದ ಮೇಲಿನ ಮೂರು ನಾಲ್ಕು ವಾರ ನಮ್ಮದು. ನಮ್ಮ ಕಡೆ ಅದೇ ಒಳ್ಳೆಯ ಕಾಲ. ಬಿಸಿಲು ಇನ್ನೂ ಬೆಂಕಿಯಾಗಿರುವುದಿಲ್ಲ. ಬಿಳಿಜೋಳದ ರಾಶಿ ನಡೆದಿರುತ್ತದೆ, ತಿಕೋಟಾ ಕಡೆ ದ್ರಾಕ್ಷಿ ಕೊಯ್ಲು ಇರುತ್ತದೆ. ಹೋಳಿ ಸಿಗುತ್ತದೆ, ಪಂಚಾಂಗ ಕೂಡಿಬಂದರೆ ಯುಗಾದಿಯೂ ಸಿಗುತ್ತದೆ. ಎಳ್ಳಮಾಸಿ, ಸಂಕ್ರಾಂತಿ, ಸಿದ್ಧೇಶ್ವರ ಜಾತ್ರೆ ತಪ್ಪುತ್ತವೆ, ಅದಕ್ಕೆ ಉಪಾಯವಿಲ್ಲ. ಪರೀಕ್ಷೆಯ ತಾರೀಖು ಸೆಮೆಸ್ಟರ್ ನಡುವೆ ಪ್ರಕಟವಾಗುತ್ತದೆ. ಅದು ಬಂದ ವಾರವೇ ಟಿಕೆಟ್ ನೋಡಿ. ಕೊನೆಯ ಪರೀಕ್ಷೆಗೂ ವಿಮಾನಕ್ಕೂ ಎರಡು ದಿನವಾದರೂ ಬಿಡಿ.

ಈಗ ದುಡ್ಡು ಹೊಂದಿಸುವುದು. ವೀಸಾಕ್ಕೆಂದು ಮೊದಲೇ ದುಡ್ಡು ತುಂಬಬೇಕಾದ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ಇಟ್ಟು ಬಂದಿರುತ್ತೇವೆ. ಆದರೆ ಕೈಗೆ ಬರುವುದು ತಿಂಗಳಿಗೆ 992 ಮಾತ್ರ. ಟಿಕೆಟ್‌ಗೆ ಬೇಕು ಎಂದು ಒಟ್ಟಿಗೆ ತೆಗೆಯಲು ಬಿಡುವುದಿಲ್ಲ. ಹಾಗಾಗಿ ಬಂದ ಮೊದಲ ತಿಂಗಳಿನಿಂದಲೇ ಬೇರೆ ಖಾತೆಗೆ 60 ಯೂರೋ ಹಾಕುತ್ತಾ ಹೋಗಿ. ವರ್ಷಕ್ಕೆ 720 ಆಗುತ್ತದೆ, ಮಾರ್ಚ್ ಟಿಕೆಟ್ ಅದರಲ್ಲೇ ಬರುತ್ತದೆ. 2026ರಲ್ಲಿ ಇಲ್ಲಿ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. ಅಂದರೆ ತಿಂಗಳಿಗೆ ಐದು ಗಂಟೆಯ ಕೆಲಸ ಊರ ದಾರಿಗೆ ಎಂದುಕೊಳ್ಳಿ. ಅಕ್ಟೋಬರ್‌ನಲ್ಲಿ ಬಂದವರಿಗೆ ಮೊದಲ ಮಾರ್ಚ್‌ಗೆ ಇಷ್ಟು ಕೂಡುವುದಿಲ್ಲ. ಅವರು ಎರಡನೇ ಮಾರ್ಚ್‌ಗೆ ಗುರಿ ಇಡಲಿ.

ರಜೆಯ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲದ ಮಾತೊಂದಿದೆ. ಜರ್ಮನಿಯಲ್ಲಿ ಮಿನಿಜಾಬ್ ಎಂಬ ಕಡಿಮೆ ಸಂಬಳದ ಸಣ್ಣ ಕೆಲಸ ಮಾಡುವವರಿಗೂ, ವೆರ್ಕ್‌ಸ್ಟುಡೆಂಟ್ ಆಗಿ ಓದಿನ ಜೊತೆ ಕಂಪನಿಯಲ್ಲಿ ದುಡಿಯುವವರಿಗೂ, ವಿಶ್ವವಿದ್ಯಾಲಯದಲ್ಲಿ ಹಿವಿ (ವಿದ್ಯಾರ್ಥಿ ಸಹಾಯಕ) ಆಗಿರುವವರಿಗೂ ಸಂಬಳ ಸಹಿತ ರಜೆ ಕಾನೂನಿನ ಹಕ್ಕು. ವಾರಕ್ಕೆ ಎಷ್ಟು ದಿನ ದುಡಿಯುತ್ತೀರೋ ಅದರ ನಾಲ್ಕು ಪಟ್ಟು ದಿನ ವರ್ಷಕ್ಕೆ ಕನಿಷ್ಠ ಸಿಗುತ್ತದೆ. ವಾರಕ್ಕೆ ಎರಡು ದಿನ ಕೆಲಸವಿದ್ದರೆ ಎಂಟು ದಿನ, ಅಂದರೆ ನಿಮ್ಮ ನಾಲ್ಕು ವಾರದ ಕೆಲಸ. ಊರಿನಲ್ಲಿದ್ದಾಗಲೂ ಕೂಲಿ ಬರುತ್ತದೆ. ನಮ್ಮ ಹುಡುಗರು ಇದನ್ನು ಕೇಳುವುದೇ ಇಲ್ಲ. ಕೇಳಿದರೆ ಕೆಲಸ ಹೋದೀತು ಎಂಬ ಹೆದರಿಕೆ. ಸಂಕೋಚ ಬೇಡ, ಇಲ್ಲಿಯ ಹುಡುಗರು ಎಲ್ಲರೂ ಕೇಳಿ ತೆಗೆದುಕೊಳ್ಳುತ್ತಾರೆ. ಮೊದಲೇ ಇಮೇಲ್‌ನಲ್ಲಿ ತಾರೀಖು ಬರೆದು ಒಪ್ಪಿಗೆ ಪಡೆಯಿರಿ.

ಇನ್ನೊಂದು ದೊಡ್ಡ ಸಹಾಯ ರೂಮಿನದು. ನೀವಿಲ್ಲದ ತಿಂಗಳು ರೂಮನ್ನು ಇನ್ನೊಬ್ಬರಿಗೆ ಕೊಡುವುದಕ್ಕೆ ಇಲ್ಲಿ ತ್ಸ್ವಿಶನ್‌ಮೀಟೆ ಎನ್ನುತ್ತಾರೆ. ಮಾರ್ಚ್‌ನಲ್ಲಿ ಹೊಸ ಸೆಮೆಸ್ಟರ್‌ಗೆ ಬರುವವರು, ಇಂಟರ್ನ್‌ಶಿಪ್‌ಗೆ ಬರುವವರು ರೂಮು ಹುಡುಕುತ್ತಿರುತ್ತಾರೆ. ಒಂದು ತಿಂಗಳ ಬಾಡಿಗೆ ಉಳಿದರೆ ಟಿಕೆಟ್‌ನ ಅರ್ಧ ಬಂದ ಹಾಗೆಯೇ ಅಲ್ವಾ? ಆದರೆ ಮನೆ ಮಾಲೀಕರ ಅಥವಾ ಹಾಸ್ಟೆಲ್ ಕಚೇರಿಯ ಬರಹದ ಒಪ್ಪಿಗೆ ಬೇಕೇ ಬೇಕು. ಗುಟ್ಟಾಗಿ ಕೊಟ್ಟು ಸಿಕ್ಕಿಬಿದ್ದರೆ ರೂಮೇ ಹೋಗುತ್ತದೆ.

ಡ್ರೆಸ್ಡನ್‌ನಿಂದ ಹೊರಡಲು ಮೂರು ವಿಮಾನ ನಿಲ್ದಾಣ ನೋಡಿ. ಬರ್ಲಿನ್‌ನಿಂದ ಕತಾರ್ ಏರ್‌ವೇಸ್ ಇದೆ. ಪ್ರಾಗ್ ನಮಗೆ ಫ್ರಾಂಕ್‌ಫರ್ಟ್‌ಗಿಂತ ಎಷ್ಟೋ ಹತ್ತಿರ, ಸುಮಾರು 150 ಕಿಲೋಮೀಟರ್. ಬಸ್ಸಿನಲ್ಲಿ ಎರಡು ಗಂಟೆಯ ಹಾದಿ. ಅಲ್ಲಿಂದ ಎಮಿರೇಟ್ಸ್ ದುಬೈಗೆ ಹೋಗುತ್ತದೆ. ಎಮಿರೇಟ್ಸ್ ಬರ್ಲಿನ್‌ಗೆ ಬರುವುದಿಲ್ಲ ಎನ್ನುವುದು ನೆನಪಿರಲಿ. ಫ್ರಾಂಕ್‌ಫರ್ಟ್‌ನಿಂದ ಲುಫ್ತಾನ್ಸಾ ನೇರ ಬೆಂಗಳೂರಿಗೆ ಇದೆ, ಅಗ್ಗ ಸಿಕ್ಕಾಗ ಬೆಂಗಳೂರು ಕಡೆಯವರಿಗೆ ಅದಕ್ಕಿಂತ ಸುಖವಿಲ್ಲ. ಸೆಮೆಸ್ಟರ್ ಶುಲ್ಕದಲ್ಲಿ ಜರ್ಮನಿಯ ಲೋಕಲ್ ರೈಲುಗಳಿಗೆಲ್ಲ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ ಸೇರಿದ್ದರೆ ಬರ್ಲಿನ್, ಫ್ರಾಂಕ್‌ಫರ್ಟ್ ನಿಲ್ದಾಣದ ತನಕ ಬೇರೆ ಖರ್ಚಿಲ್ಲ. ಐಸಿಇ ಎಂಬ ವೇಗದ ರೈಲಿಗೆ ಅದು ನಡೆಯುವುದಿಲ್ಲ. ವಿಮಾನದ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಕೊನೆಯ ರೈಲು ಹಿಡಿಯುವ ಧೈರ್ಯ ಮಾಡಬೇಡಿ. ಇಲ್ಲಿ ರೈಲು ತಡವಾಗುವುದು ಮಾಮೂಲಿ, ಮೂರು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಉತ್ತರ ಕರ್ನಾಟಕದವರಿಗೆ ನಾನು ಒತ್ತಿ ಹೇಳುವುದು, ಬೆಂಗಳೂರು ಮಾತ್ರ ನೋಡಬೇಡಿ, ಮುಂಬೈ ದರವನ್ನೂ ನೋಡಿ. ವಿಜಯಪುರಕ್ಕೆ ಎರಡೂ ಕಡೆಯಿಂದ ರಾತ್ರಿ ಪ್ರಯಾಣವೇ. ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ರಾತ್ರಿ ಹೊರಡುವ ಗದಗ, ಹೊಸಪೇಟೆ ಕಡೆಯ ರೈಲು ಸೊಲ್ಲಾಪುರದ ಮೇಲೆ ವಿಜಯಪುರಕ್ಕೆ, ಮುಂದೆ ಬಾಗಲಕೋಟೆಗೆ ಬರುತ್ತದೆ. ಬೆಳಿಗ್ಗೆ ಇಳಿದವರು ಮಧ್ಯಾಹ್ನದ ವಂದೇ ಭಾರತ್‌ನಲ್ಲಿ ಸೊಲ್ಲಾಪುರಕ್ಕೆ ಬಂದು, ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ರಸ್ತೆಯಲ್ಲಿ ಬರಬಹುದು. ಕಲಬುರಗಿ, ಯಾದಗಿರಿ, ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಉಡುಪಿ, ಕಾರವಾರದವರಿಗೆ ಮತ್ಸ್ಯಗಂಧಾ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಮನೆಯಲ್ಲಿ ಯಾರಿಗಾದರೂ ಹೇಳಿ ಅಂದೇ ಮಾಡಿಸಿಬಿಡಿ.

ದೇಶದೊಳಗಿನ ವಿಮಾನ ಬೇಕಿದ್ದರೆ ಅದು ಅದೇ ಟಿಕೆಟ್‌ನಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಬೇರೆ ಟಿಕೆಟ್ ತೆಗೆದರೆ ದೇಶದೊಳಗೆ ಸಾಮಾನ್ಯವಾಗಿ 15 ಕೆಜಿ ಸಾಮಾನಿಗೆ ಮಾತ್ರ ಅವಕಾಶ. ವಿದೇಶದಿಂದ ತಂದ 30 ಕೆಜಿಯ ಉಳಿದ ಭಾರಕ್ಕೆ ಕೆಜಿ ಲೆಕ್ಕದಲ್ಲಿ ಕಟ್ಟಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಸರ್ಚ್ ಮಾಡಿದಾಗ ಎಲ್ಲಕ್ಕಿಂತ ಮೇಲೆ ಬರುವ ಅಗ್ಗದ ಟಿಕೆಟ್ ಬಹಳ ಸಲ ಇಂಥದ್ದೇ ಆಗಿರುತ್ತದೆ. ಕತಾರ್, ಎಮಿರೇಟ್ಸ್, ಎತಿಹಾದ್, ಏರ್ ಇಂಡಿಯಾ ಎಲ್ಲವೂ ವಿದ್ಯಾರ್ಥಿಗಳಿಗೆ ರಿಯಾಯಿತಿ, ಹೆಚ್ಚಿನ ಸಾಮಾನಿನ ಅವಕಾಶ ಕೊಟ್ಟಿವೆ. ಬುಕ್ ಮಾಡುವ ಮೊದಲು ಅವರದೇ ವೆಬ್‌ಸೈಟ್‌ನಲ್ಲಿ ಹೋಲಿಸಿ ನೋಡಿ. ಭಾರ ಜಾಸ್ತಿ ಆಗುವುದು ಮರಳಿ ಬರುವಾಗ, ಆ ಕಡೆಯ ಅವಕಾಶ ಎಷ್ಟಿದೆ ಎಂದೂ ಓದಿಕೊಳ್ಳಿ.

ಯುರೋಪಿನಿಂದ ಹೊರಟ ವಿಮಾನ ನಿಮ್ಮನ್ನು ಮೂರು ಗಂಟೆಗಿಂತ ಹೆಚ್ಚು ತಡವಾಗಿ ಮುಟ್ಟಿಸಿದರೆ, ತಪ್ಪು ಕಂಪನಿಯದಾಗಿದ್ದರೆ, ಇಷ್ಟು ದೂರದ ಪ್ರಯಾಣಕ್ಕೆ 600 ಯೂರೋ ತನಕ ಪರಿಹಾರ ಕೇಳುವ ಹಕ್ಕು ಇದೆ. ಟಿಕೆಟ್ ಪೂರ್ತಿ ಒಂದೇ ಬುಕಿಂಗ್ ಆಗಿರಬೇಕು. ಕೊಲ್ಲಿ ದೇಶಗಳ ಕಂಪನಿಗಳಿಗೆ ಇದು ಹೋಗುವಾಗ ಮಾತ್ರ ಅನ್ವಯ, ಯುರೋಪಿನ ಕಂಪನಿಯಾದರೆ ಬರುವಾಗಲೂ ಉಂಟು. ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಕಾಗದಪತ್ರದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಕೈಯಲ್ಲಿರಲಿ, ಮರಳಿ ಬರುವ ದಿನದ ತನಕ ಅವಧಿ ಇರಲಿ. ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ, ಕಾರ್ಡ್ ಬರುವ ತನಕ ಫಿಕ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ಪತ್ರ ಹಿಡಿದುಕೊಂಡಿರುವವರು ಅದರಲ್ಲಿ ಯಾವ ಕಲಮಿಗೆ ಗುರುತು ಹಾಕಿದ್ದಾರೆ ಎಂದು ನೋಡಲೇಬೇಕು. ಜರ್ಮನಿಯ ವಾಸ್ತವ್ಯ ಕಾನೂನಿನ 81ನೇ ಕಲಮಿನ 4ನೇ ಉಪಕಲಮಿದ್ದರೆ ಹೋಗಿ ಮರಳಬಹುದು. 3ನೇ ಉಪಕಲಮಿದ್ದರೆ ಜರ್ಮನಿ ಬಿಟ್ಟು ಹೊರಡಬೇಡಿ. 4ನೆಯದಿದ್ದವರೂ ಪ್ರಾಗ್ ದಾರಿ ಬಿಟ್ಟು ನೇರ ಜರ್ಮನಿಗೇ ಇಳಿಯುವುದು ಕ್ಷೇಮ. ಮರಳುವಾಗ ಮುಂಬೈ ಚೆಕ್‌ಇನ್ ಕೌಂಟರ್‌ನಲ್ಲಿ ಆ ಕಾಗದದ ಬಗ್ಗೆ ಪ್ರಶ್ನೆ ಬರಬಹುದು, ಬೇಗ ಹೋಗಿ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಪರ್ಮಿಟ್ಟೇ ರದ್ದಾಗುತ್ತದೆ.

ಊರ ಟಿಕೆಟ್‌ಗೆ ಕೂಡಿಟ್ಟ ದುಡ್ಡಲ್ಲದೆ ಬೇರೆ 1,000 ಯೂರೋ ಇರಬೇಕು. ಇದು ದೊಡ್ಡ ಮೊತ್ತ, ಕೂಡಿಸಲು ವರ್ಷವೇ ಹಿಡಿಯಬಹುದು. ಆದರೂ ಮಾಡಿ. ಮನೆಯಲ್ಲಿ ಹಿರಿಯರಿದ್ದಾರೆ. ಒಂದು ರಾತ್ರಿ ಫೋನ್ ಬಂದರೆ ಮರುದಿನದ ಟಿಕೆಟ್ ಯಾವ ದರಕ್ಕಾದರೂ ತೆಗೆಯಬೇಕಾಗುತ್ತದೆ, ಆಗ ಬ್ಲಾಕ್ಡ್ ಅಕೌಂಟ್ ಉಪಯೋಗಕ್ಕೆ ಬರುವುದಿಲ್ಲ. ದುಡ್ಡಿಲ್ಲದೆ ವಿಡಿಯೋ ಕಾಲ್‌ನಲ್ಲೇ ಅಜ್ಜನ ಅಂತ್ಯಕ್ರಿಯೆ ನೋಡಿದ ಗೆಳೆಯರು ನನಗಿದ್ದಾರೆ. ಅದರ ನೋವು ಡಿಗ್ರಿ ಮುಗಿದ ಮೇಲೂ ಉಳಿದಿದೆ.

ಮನೆಯವರಿಗೆ ಖರ್ಚಿನ ಲೆಕ್ಕ ಮುಚ್ಚಿಡಬೇಡಿ. ನಮ್ಮವ್ವ ಫೋನಿನಲ್ಲಿ "ರೊಕ್ಕದ ಚಿಂತಿ ಬಿಡು, ಮೊದಲ ಬಾ" ಎನ್ನುತ್ತಾಳೆ. ಹಾಗೆಂದು ಅವರಿಂದ ತರಿಸಿಕೊಳ್ಳಬೇಕಿಲ್ಲ. ತಿಂಗಳ ಉಳಿತಾಯ ಎಷ್ಟಾಯಿತು ಎಂದು ಹೇಳುತ್ತಿದ್ದರೆ ಅವರಿಗೂ ಧೈರ್ಯ, ಬರುವ ದಿನಕ್ಕೆ ಮದುವೆ, ಮುಂಜಿ ಹೊಂದಿಸಲೂ ಅನುಕೂಲ. ಹೋಗುವಾಗ ಎಲ್ಲರಿಗೂ ಉಡುಗೊರೆ ಎಂದು 200 ಯೂರೋ ಸುರಿಯುವುದು ಬೇಡ. ಅಲ್ಡಿ, ಲಿಡ್ಲ್ ಅಂಗಡಿಯ ಚಾಕಲೇಟ್ ಮಕ್ಕಳಿಗೆ ಸಾಕು. ಹಿರಿಯರಿಗೆ ಬೇಕಿರುವುದು ನೀವು.

ಮರಳುವಾಗ ಅವ್ವ ಕಟ್ಟಿಕೊಡುವ ಗಂಟಿನ ವಿಷಯ ಮೊದಲೇ ಮಾತಾಡಿಕೊಳ್ಳಿ. ಯುರೋಪ್ ಒಕ್ಕೂಟಕ್ಕೆ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಅಂದರೆ ತುಪ್ಪ ಇಲ್ಲ, ಧಾರವಾಡ ಪೇಡೆ ಇಲ್ಲ, ಬೆಳಗಾವಿ ಕುಂದಾ ಇಲ್ಲ. ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣು, ತಾಜಾ ದ್ರಾಕ್ಷಿ ಕೂಡ ತರುವಂತಿಲ್ಲ. ಕಸ್ಟಮ್ಸ್‌ನಲ್ಲಿ ಹಿಡಿದರೆ ಕಸಕ್ಕೆ ಹೋಗುತ್ತವೆ, ದಂಡವೂ ಬೀಳಬಹುದು. ಒಣಕೊಬ್ಬರಿ ಬೇಗ ಹೊತ್ತಿಕೊಳ್ಳುವ ವಸ್ತು ಎಂದು ವಿಮಾನದವರೇ ಬಿಡುವುದಿಲ್ಲ. ಉಳಿದದ್ದು ನಮ್ಮ ಕಡೆಯ ಭಾಗ್ಯ. ಕಡಕ್ ಜೋಳದ ರೊಟ್ಟಿ ಹಗುರ, ತಿಂಗಳುಗಟ್ಟಲೆ ಕೆಡುವುದಿಲ್ಲ. ಮುರಿಯದಂತೆ ಸ್ಟೀಲ್ ಡಬ್ಬಿಯಲ್ಲಿ ಒತ್ತಾಗಿ ಜೋಡಿಸಿ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಮಸಾಲೆ ಖಾರ, ವಿಜಯಪುರದ ಒಣದ್ರಾಕ್ಷಿ ಇವೆಲ್ಲ ಬರುತ್ತವೆ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ, ಎರಡು ಪ್ಲಾಸ್ಟಿಕ್ ಸುತ್ತಿ ಬಟ್ಟೆಗಳ ನಡುವೆ ದೊಡ್ಡ ಪೆಟ್ಟಿಗೆಯಲ್ಲಿ ಇಡಿ. ತೂಕವನ್ನು ಹಿಂದಿನ ರಾತ್ರಿಯೇ ಮನೆಯಲ್ಲಿ ನೋಡಿಕೊಳ್ಳಿ, ಒಂದು ಕೆಜಿ ಕಡಿಮೆಯೇ ಇರಲಿ. ಹೊರಡುವ ಹೊತ್ತಿಗೆ ಅಕ್ಕಪಕ್ಕದವರು ತಂದುಕೊಡುವ ಪೊಟ್ಟಣಗಳಿಗೆ ಆ ಜಾಗ ಬೇಕಾಗುತ್ತದೆ.