ತುಂಡು ಬಟ್ಟೆಯ ಚೀಲ

ಇವತ್ತು ದಿಂಬಿನ ಕವರ್ ಹೊಲಿಯೋಣ ಅಂತ ತುಂಡು ಬಟ್ಟೆಗಳ ಚೀಲ ಬಿಚ್ಚಿ ಕೂತೆ. ಹೋದ ಸಲ ಬಣ್ಣಕ್ಕೆ ಮರುಳಾಗಿ, ಹತ್ತಿ ಬಟ್ಟೆಯ ಪಕ್ಕ ಎಳೆದರೆ ಹಿಗ್ಗುವ ಬನಿಯನ್ ಬಟ್ಟೆ ಸೇರಿಸಿದ್ದೆ. ಒಂದೇ ಒಗೆತಕ್ಕೆ ಹತ್ತಿ ಕುಗ್ಗಿ ಹೊಲಿಗೆಯೆಲ್ಲ ಸುಕ್ಕು. ಈಗ ಮೊದಲು ಒಗೆತ, ಇಸ್ತ್ರಿ, ಆಮೇಲೇ ಕತ್ತರಿ. ಅದೂ ಬಟ್ಟೆಯ ನೂಲಿನ ಎಳೆ ಹೋದ ನೇರಕ್ಕೆ. ಓರೆಯಾಗಿ ಕತ್ತರಿಸಿದ ಅಂಚು ಮೆಷಿನ್ ಕೆಳಗೆ ಹಿಗ್ಗಿ ಅಲೆಅಲೆಯಾಗುತ್ತದೆ. ಸುತ್ತಲೂ ಕಾಲು ಇಂಚು ಹೊಲಿಗೆಗೆ ಹೋದರೆ 4 ಇಂಚಿನ ತುಂಡು 3.5 ಇಂಚಾಗುತ್ತದೆ. ಈ ಲೆಕ್ಕ ನನಗೆ ಪ್ರತಿ ಸಲ ಮರೆಯುತ್ತದೆ!

ಚೀಲದ ತಳದಲ್ಲಿ ಮಗಳ ಮೊದಲ ಫ್ರಾಕಿನ ಅಂಗೈಯಗಲದ ಚೂರು ಸಿಕ್ಕಿತು. ಯಾವುದಕ್ಕೂ ಸಾಲದು. ಹೊಸ ಬಟ್ಟೆಗಿಂತ ಇಂಥವುಗಳ ಮೇಲೇ ಜಾಸ್ತಿ ಪ್ರೀತಿ, ಅಲ್ವಾ? ಸುಮ್ನೆ ಮಡಚಿ ಮತ್ತೆ ಒಳಗಿಟ್ಟೆ.