ಅಜ್ರಖ್‌ಪುರದ ಅಂಗಳದಲ್ಲಿ ಒಂದು ಹಗಲು

ಡಿಸೆಂಬರಿನಲ್ಲಿ ಕಚ್ಛದ ಸೂರ್ಯ ಏಳು ಗಂಟೆಗೆ ಮೊದಲು ಮುಖ ತೋರಿಸುವುದಿಲ್ಲ. ಅಷ್ಟು ಹೊತ್ತಿಗಾಗಲೇ ಅಜ್ರಖ್‌ಪುರದ ಅಂಗಳಗಳಲ್ಲಿ, ಮರದ ಅಚ್ಚೊತ್ತಿ ಮಾಡುವ ಅಜ್ರಖ್ ಬಟ್ಟೆ ಹಿಂಡುವ ಸದ್ದು ಶುರುವಾಗಿರುತ್ತದೆ. ಭುಜ್‌ನಿಂದ ಪೂರ್ವಕ್ಕೆ ಸುಮಾರು 15 ಕಿಲೋಮೀಟರ್. ದಾರಿಯುದ್ದಕ್ಕೂ ಬೂದು ಮಣ್ಣು, ಧೂಳು ಹೊದ್ದ ಎಕ್ಕದ ಗಿಡ, ಮತ್ತೆ ನಮ್ಮ ಬಯಲುಸೀಮೆಯವರಿಗೆ ಬೇಡವೆಂದರೂ ಪರಿಚಯವಿರುವ ಬಳ್ಳಾರಿ ಜಾಲಿ. ಇಲ್ಲಿ ಅದಕ್ಕೆ ಗಾಂಡೊ ಬಾವಳ್ ಎನ್ನುತ್ತಾರೆ, ಹುಚ್ಚು ಜಾಲಿ ಅಂತ. ಬಣ್ಣ ಎನ್ನುವಂಥದ್ದು ಕಣ್ಣಿಗೆ ಬೀಳುವುದು ಅಂಗಳದೊಳಗೆ ಕಾಲಿಟ್ಟ ಮೇಲೆಯೇ. ನೆಲದ ಮೇಲೆ ಉದ್ದುದ್ದ ಹಾಸಿದ ಬಟ್ಟೆಗಳು: ಒಂದು ಮಾಸಲು ಹಳದಿ, ಒಂದರ ಮೇಲೆ ಬರೀ ಕರಿಗೆರೆ, ಒಂದಕ್ಕೆ ಮೈಯೆಲ್ಲ ಸಗಣಿ ಪುಡಿ, ಆಚೆ ತುದಿಯಲ್ಲಿ ಕಡುನೀಲಿ.

ಒಂದೇ ಬಟ್ಟೆಯ ಬೆನ್ನು ಹತ್ತಿದರೆ ಎರಡು ಮೂರು ವಾರ ಇಲ್ಲೇ ಬಿಡಾರ ಹೂಡಬೇಕು. ಅಜ್ರಖ್‌ಗೆ ಹದಿನಾಲ್ಕರಿಂದ ಹದಿನಾರು ಹಂತ. ಆದರೆ ಯಾವ ದಿನ ಹೋದರೂ ಒಂದೊಂದು ಬಟ್ಟೆ ಒಂದೊಂದು ಹಂತದಲ್ಲಿರುವುದರಿಂದ, ಬೆಳಗಿನಿಂದ ಸಂಜೆಯವರೆಗೆ ಅಂಗಳ ಸುತ್ತಿದರೆ ಇಡೀ ಕಸುಬು ಕಣ್ಣೆದುರಿಗೆ ಬರುತ್ತದೆ. ಮರುಭೂಮಿ ಬಣ್ಣಗೇಡಿ, ಆ ಕೊರತೆ ತುಂಬಿಕೊಳ್ಳಲು ಅಲ್ಲಿಯ ಜನ ಗಾಢ ಬಣ್ಣ ಉಡುತ್ತಾರೆ ಎಂಬ ಪ್ರವಾಸಿಗರ ಮಾತು ಹೀಗೆ ಸುತ್ತಿದವರಿಗೆ ರುಚಿಸದು. ಇಲ್ಲಿನ ಬಣ್ಣ ಹುಟ್ಟುವುದು ತುಕ್ಕು ಕಬ್ಬಿಣ, ಸುಣ್ಣ, ಒಂಟೆ ಹಿಕ್ಕೆ, ಬಿಸಿಲುಗಳಿಂದ. ಮರಳುನಾಡಿನಲ್ಲಿ ಇವು ಬೇಕಾದಷ್ಟಿವೆ. ಇಲ್ಲದ್ದು ನೀರು. ಎಡವಟ್ಟಾಗುವುದೂ ಹೆಚ್ಚಾಗಿ ನೀರಿನಲ್ಲೇ.

ಬೆಳಗಿನ ಮೊದಲ ಕೆಲಸಕ್ಕೆ ಸಾಜ್ ಎಂದು ಹೆಸರು. ಹರಳೆಣ್ಣೆ, ಸೋಡಾ, ಒಂಟೆ ಹಿಕ್ಕೆ ಕಲಸಿದ ನೀರಿನಲ್ಲಿ ರಾತ್ರಿಯೆಲ್ಲ ನೆನೆದ ಹತ್ತಿ ಬಟ್ಟೆಯನ್ನು ಹಿಂಡಿ ಬಿಸಿಲಿಗೆ ಹರವುತ್ತಾರೆ. ಒಣಗಿದ್ದನ್ನು ಮತ್ತೆ ಅದೇ ನೀರಿಗೆ. ಹೀಗೆ ಏಳೆಂಟು ಸಲ. ಸಾಕೋ ಸಾಲದೋ ಎಂದು ತಿಳಿಯಲು ಬಟ್ಟೆಯ ಮೂಲೆಗೆ ಬರೀ ನೀರು ಹಾಕಿ ಉಜ್ಜಿ ನೋಡುತ್ತಾರೆ. ನೊರೆ ಬಂದರೆ ಎಣ್ಣೆಯೂ ಕ್ಷಾರವೂ ಸೇರಿ ನೂಲಿನೊಳಗೇ ಸಾಬೂನಾಗಿದೆ ಎಂದರ್ಥ. ಗಿರಣಿಯ ಗಂಜಿ ಇನ್ನೂ ಉಳಿದಿದ್ದರೆ ಬಣ್ಣ ಮೇಲ್ಮೈಯಲ್ಲೇ ನಿಂತು ತೇಪೆ ತೇಪೆಯಾಗುತ್ತದೆ. ಅದು ಗೊತ್ತಾಗುವುದು ಕೊನೆಯ ಕೆಂಪಿನಲ್ಲಿ, ಅಷ್ಟರಲ್ಲಿ ಮೂರು ವಾರದ ಕೂಲಿ ಮುಗಿದಿರುತ್ತದೆ. ಹಾಗಾಗಿ ಈ ಹಂತದಲ್ಲಿ ಅವಸರ ಮಾಡುವವರನ್ನು ಯಾರೂ ಇಷ್ಟಪಡುವುದಿಲ್ಲ.

ಪಕ್ಕದ ತೊಟ್ಟಿಯಲ್ಲಿ ಹರಡಾ ಪುಡಿಯ ನೀರು. ನಮ್ಮ ಅಳಲೆಕಾಯಿಯೇ ಅದು, ಮಲೆನಾಡಿನ ಕಾಡಿನಲ್ಲಿ ಬೀಳುವುದು, ಗ್ರಂಥಿಗೆ ಅಂಗಡಿಯಲ್ಲಿ ಕೆಮ್ಮಿಗೆಂದು ಕೊಡುವುದು. ಬಟ್ಟೆ ಅದರಲ್ಲಿ ಅದ್ದಿ ಬಂದಾಗ ಹಳದಿ. ಇದನ್ನು ತಂತಿಗೆ ನೇತು ಹಾಕುವಂತಿಲ್ಲ. ನೇತು ಹಾಕಿದರೆ ಅಳಲೆಯ ಒಗರೆಲ್ಲ ಕೆಳಗಿನ ಅಂಚಿಗೆ ಇಳಿದು ಅಲ್ಲಿ ಮಾತ್ರ ದಟ್ಟವಾಗುತ್ತದೆ. ನೆಲದ ಮೇಲೆ ಚಪ್ಪಟೆಯಾಗಿ ಹಾಸಿಯೇ ಒಣಗಿಸಬೇಕು, ಒಣಗಿದ ಮೇಲೆ ಅಂಟಿದ ಪುಡಿ ಕೊಡವಬೇಕು. ಇನ್ನೊಂದು ಎಚ್ಚರಿಕೆ: ತುಕ್ಕು ಹಿಡಿದ ಮೊಳೆ, ಬಕೆಟ್ಟಿನ ಕಬ್ಬಿಣದ ಹಿಡಿ, ಏನು ತಾಗಿದರೂ ತಾಗಿದಲ್ಲಿ ಕಪ್ಪು ಚುಕ್ಕೆ. ತೊಳೆದರೆ ಹೋಗದು.

ಅಳಲೆ ಮತ್ತು ಕಬ್ಬಿಣದ ಈ ಜಗಳವೇ ಮುಂದೆ ಅಜ್ರಖ್‌ನ ಕಪ್ಪಾಗುತ್ತದೆ. ಅಂಗಳದ ಮೂಲೆಯ ಪೀಪಾಯಿಯಲ್ಲಿ ಗುಜರಿ ಕಬ್ಬಿಣ, ಬೆಲ್ಲ, ನೀರು ಹುಳಿಯುತ್ತಿರುತ್ತವೆ. ಬೇಸಿಗೆಯಲ್ಲಿ ಹತ್ತು ಹದಿನೈದು ದಿನ, ಚಳಿಗಾಲದಲ್ಲಿ ಇಪ್ಪತ್ತು. ಮೇಲೆ ಹಳದಿ ಬಣ್ಣದ ನೊರೆ ಕಟ್ಟಿ, ಹುಳಿ ವಾಸನೆ ಹೊಡೆದಾಗ ನೀರನ್ನು ಸೋಸಿ, ಹುಣಸೆ ಪಿಕ್ಕದ ಪುಡಿ ಹಾಕಿ ಒಂದು ತಾಸು ಕುದಿಸಿ ಸರಿ, ಅಂದರೆ ಗಟ್ಟಿ ಗಂಜಿ, ಮಾಡುತ್ತಾರೆ. ನಮ್ಮ ಕುರುಬರು ಕರಿ ಕಂಬಳಿಗೆ ಬಳಿಯುವ ಸರಿಯೂ ಇದೇ ಪಿಕ್ಕದ್ದು. ತೆಳ್ಳಗಾದರೆ ಗೆರೆ ಹರಡಿ ದಪ್ಪವಾಗುತ್ತದೆ, ಗಂಟು ಉಳಿದರೆ ಅಚ್ಚಿನ ಸಂದಿಗೆ ಸಿಕ್ಕಿಕೊಂಡು ಪ್ರತಿ ಒತ್ತಿಗೂ ಅದೇ ಜಾಗದಲ್ಲಿ ಮಸಿ. ಕಬ್ಬಿಣ ಹೆಚ್ಚಾದರೆ ಆಗುವ ನಷ್ಟ ತಡವಾಗಿ ಕಾಣುತ್ತದೆ. ಹಳೆಯ ಬಟ್ಟೆಗಳಲ್ಲಿ ಕೆಂಪೂ ನೀಲಿಯೂ ಗಟ್ಟಿಯಿದ್ದು ಕರಿಗೆರೆಯ ಗುಂಟವೇ ನೂಲು ಪುಡಿಯಾಗಿ ಉದುರುವುದು ಇದರಿಂದಲೇ.

ಒಂಬತ್ತರ ಹೊತ್ತಿಗೆ ಅಚ್ಚಿನ ಮೇಜುಗಳ ಸುತ್ತ ದಬ್ ದಬ್ ಶಬ್ದ. ತೇಗದ ಅಚ್ಚುಗಳು, ಹೆಚ್ಚಿನವು ಗಾಂಧಿನಗರದ ಹತ್ತಿರದ ಪೇಥಾಪುರದಲ್ಲಿ ಕೆತ್ತಿದವು. ಒಂದು ವಿನ್ಯಾಸಕ್ಕೆ ಒಂದೇ ಅಚ್ಚು ಸಾಲದು: ಗೆರೆಗೊಂದು, ಹಿನ್ನೆಲೆಗೊಂದು, ಒಳತುಂಬಿಗೊಂದು. ಹೊಸ ಅಚ್ಚನ್ನು ಎಣ್ಣೆಯಲ್ಲಿ ದಿನಗಟ್ಟಲೆ ನೆನೆಸದೆ ಬಳಸಿದರೆ ಸರಿಯ ತೇವ ಕುಡಿದು ಸೊಟ್ಟಗಾಗುತ್ತದೆ. ಸೊಟ್ಟಗಾದ ಅಚ್ಚು ನಾಲ್ಕು ಮೂಲೆಯಲ್ಲಿ ಒಂದನ್ನು ಎತ್ತಿಯೇ ಇಡುತ್ತದೆ. ದೊಡ್ಡ ಅಚ್ಚುಗಳಿಗೆ ಬೆನ್ನಿನಲ್ಲಿ ಗಾಳಿ ಹೋಗಲು ತೂತು ಕೊರೆದಿರುತ್ತಾರೆ. ಇಲ್ಲದಿದ್ದರೆ ಎತ್ತುವಾಗ ಬಟ್ಟೆಯೂ ಜೊತೆಗೆ ಎದ್ದು ಬರುತ್ತದೆ.

ಮೊದಲು ಒತ್ತುವುದು ಬಣ್ಣವನ್ನಲ್ಲ, ಸುಣ್ಣ ಮತ್ತು ಜಾಲಿ ಅಂಟಿನ ಸರಿಯನ್ನು. ಖರಿಯಾಣು ಎನ್ನುವ ಈ ಗೆರೆ ಎಲ್ಲಿದೆಯೋ ಅಲ್ಲಿ ನೀಲಿ ಹತ್ತುವುದಿಲ್ಲ, ಕೊನೆಯವರೆಗೂ ಬಿಳಿ ಉಳಿಯುತ್ತದೆ. ಆಮೇಲೆ ಕಬ್ಬಿಣದ ಸರಿ. ಆಮೇಲೆ ಗಚ್: ಪಟಿಕ, ಜೇಡಿಮಣ್ಣು, ಅಂಟು. ಇದು ಎರಡು ಕೆಲಸ ಮಾಡುತ್ತದೆ. ಮಣ್ಣು ನೀಲಿಯನ್ನು ತಡೆಯುತ್ತದೆ, ಪಟಿಕ ಮುಂದೆ ಬರುವ ಕೆಂಪಿಗೆ ಜಾಗ ಕಾದಿರಿಸುತ್ತದೆ. ಗಚ್ ಹಸಿಯಿದ್ದಾಗಲೇ ಮೇಲೆ ಒಣ ಸಗಣಿ ಪುಡಿಯನ್ನೋ ಮರದ ಹೊಟ್ಟನ್ನೋ ಉದುರಿಸಿದರೆ ಒಂದಕ್ಕೊಂದು ಅಂಟಿ ಕದಡುವುದಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಕಂಡ ಸಗಣಿ ಮೈಯ ಬಟ್ಟೆ ಇದೇ. ಅದನ್ನು ಹಾಗೇ ದಿನಗಟ್ಟಲೆ ಒಣಗಲು ಬಿಡಬೇಕು. ಮೋಡ ಮುಚ್ಚಿ ಗಾಳಿಯಲ್ಲಿ ತೇವ ಇದ್ದರೆ ಪಟಿಕ ನೂಲಿಗೆ ಹಿಡಿಯದೆ ತೊಳೆಯುವಾಗ ಹೋಗಿಬಿಡುತ್ತದೆ, ಕೆಂಪಿಗೆ ಬದಲು ಗುಲಾಬಿ ಬರುತ್ತದೆ.

ಹಳೆಯ ಅಜ್ರಖ್ ಎರಡೂ ಮೈಗೆ ಅಚ್ಚಾಗುತ್ತಿತ್ತು, ಈಗಲೂ ಕೆಲವರು ಮಾಡುತ್ತಾರೆ. ತಿರುವಿ ಹಾಕಿದ ಬಟ್ಟೆಯ ಮೇಲೆ, ಕೆಳಗಿನ ಗೆರೆಯ ನೇರಕ್ಕೇ ಎದುರುಬದಿರಿನ ಅಚ್ಚು ಕೂರಿಸಬೇಕು. ಅರ್ಧ ಮಿಲಿಮೀಟರ್ ಸರಿದರೂ ಬಿಳಿಗೆರೆಗೆ ನೆರಳು ಬಂದಂತೆ ಕಾಣುತ್ತದೆ. ಇಷ್ಟೆಲ್ಲ ತ್ರಾಸು ಯಾಕೆ ಎಂದರೆ, ಇದು ಗೋಡೆಗೆ ತೂಗುವ ಬಟ್ಟೆಯಾಗಿರಲಿಲ್ಲ. ಕಚ್ಛದ ಬನ್ನಿ ಎಂಬ ಹುಲ್ಲುಗಾವಲಿನ ದನಗಾಹಿ ಮಾಲಧಾರಿಗಳ ದಿನನಿತ್ಯದ ಬಟ್ಟೆ ಇದು: ಸೊಂಟಕ್ಕೆ ಲುಂಗಿ, ತಲೆಗೆ ರುಮಾಲು, ಹೆಗಲಿಗೆ ಹೊದಿಕೆ, ಬುತ್ತಿ ಕಟ್ಟಲು, ಮಗುವಿಗೆ ಜೋಳಿಗೆ ಹಾಕಲು. ಬೆಳಕು ಹರಿಯುವ ಮೊದಲೇ ದನದ ಹಿಂದೆ ಹೊರಡುವವನಿಗೆ ಯಾವ ಮಗ್ಗುಲಲ್ಲಿ ಸುತ್ತಿಕೊಂಡರೂ ಸರಿ ಇರಬೇಕು. ಅಜ್ರಖ್ ಎಂಬ ಹೆಸರಿನ ಬೇರು ಅರಬ್ಬಿಯ ನೀಲಿ. ಅಚ್ಚಿನಲ್ಲಿರುವುದೂ ಬಯಲಿನಲ್ಲಿ ತಲೆಯೆತ್ತಿದರೆ ಕಾಣುವಂಥದ್ದೇ, ನಕ್ಷತ್ರ ಮತ್ತು ಮೋಡ. ಮಳೆ ಅಪರೂಪವಾದ ನೆಲದಲ್ಲಿ ಮೋಡಕ್ಕೆ ಬಟ್ಟೆಯ ನಡುಮಧ್ಯದ ಜಾಗ ಸಿಕ್ಕಿದ್ದು ಏನೂ ಆಶ್ಚರ್ಯವಲ್ಲ.

ಹನ್ನೊಂದರ ಬಿಸಿಲಿಗೆ ನೀಲಿ ತೊಟ್ಟಿಯ ಮುಚ್ಚಳ ತೆಗೆಯುತ್ತಾರೆ. ಕೆಂಪಿಗಿಂತ ಮೊದಲು ನೀಲಿ ಯಾಕೆ ಎಂಬುದಕ್ಕೆ ಉತ್ತರ ಸರಳ: ನೀಲಿಗೆ ಬೆಂಕಿ ಬೇಡ. ಕೆಂಪಿಗೆ ಕುದಿಸಬೇಕು, ಕುದಿಸಿದರೆ ಸುಣ್ಣದ ಸರಿ ಕರಗಿಹೋಗುತ್ತದೆ. ಹಳೆಯ ಪದ್ಧತಿಯ ತೊಟ್ಟಿಯಲ್ಲಿ ನೀಲಿಯ ಜೊತೆ ಸುಣ್ಣ, ಕ್ಷಾರ, ಬೆಲ್ಲ, ಮತ್ತೆ ಕುವಾಡಿಯಾ ಬೀಜ ಇರುತ್ತವೆ. ಮಳೆಗಾಲ ಶುರುವಾದಾಗ ನಮ್ಮ ಕರಾವಳಿಯವರು ಹಿತ್ತಲಿನಿಂದ ಕೊಯ್ದು ಪಲ್ಯ ಮಾಡುವ ತಗತೆ ಸೊಪ್ಪಿನ ಗಿಡವೇ ಇದು. ಅದರ ಬೀಜವೂ ಬೆಲ್ಲವೂ ಹುದುಗೆದ್ದು ತೊಟ್ಟಿಯೊಳಗಿನ ಆಮ್ಲಜನಕವನ್ನು ತಿಂದುಹಾಕುತ್ತವೆ. ಆಗಷ್ಟೇ ನೀಲಿ ನೀರಿಗೆ ಕರಗುತ್ತದೆ.

ಸರಿಯಾಗಿ ಹುದುಗಿದ ತೊಟ್ಟಿ ನೀಲಿಯಾಗಿರುವುದಿಲ್ಲ! ಮೇಲೆ ತಾಮ್ರದ ಹೊಳಪಿನ ಕೆನೆ, ಅದನ್ನು ಬೆರಳಿನಿಂದ ಸರಿಸಿದರೆ ಕೆಳಗೆ ಗಂಜಲದಂಥ ಹಸಿರು ಹಳದಿ. ಕೆಳಗೂ ನೀಲಿ ಕಂಡರೆ ತೊಟ್ಟಿ ದಣಿದಿದೆ, ಬೆಲ್ಲ ಹಾಕಿ ಒಂದೆರಡು ದಿನ ಬಿಡಬೇಕು. ಬಟ್ಟೆಯನ್ನು ನಿಧಾನಕ್ಕೆ, ಗುಳ್ಳೆ ಏಳದಂತೆ ಇಳಿಸುತ್ತಾರೆ. ಗುಳ್ಳೆ ಎದ್ದಷ್ಟೂ ಗಾಳಿ ಒಳಗೆ ಹೋಗುತ್ತದೆ. ಮಡಿಕೆ ಗಟ್ಟಿಯಾದರೆ ಸರಿ ಬಿರುಕು ಬಿಟ್ಟು ಬಿಳಿಯ ಮೇಲೆ ನೀಲಿ ನರ ಓಡುತ್ತದೆ. ಮೇಲೆತ್ತಿದಾಗ ಬಟ್ಟೆ ಎಳೆ ಬಾಳೆಲೆಯ ಬಣ್ಣ. ನೋಡುತ್ತಿದ್ದಂತೆಯೇ ಅಂಚಿನಿಂದ ಹಸಿರು ಕಪ್ಪಾಗಿ, ನಡುವಿಗೆ ಹಬ್ಬಿ, ನಿಮಿಷ ಎರಡು ನಿಮಿಷದಲ್ಲಿ ಇಡೀ ಬಟ್ಟೆ ನೀಲಿ. ಅಡುಗೆ ಸೋಡಾ ಬಿದ್ದ ಅರಿಶಿನದಂತೆ ಥಟ್ಟನೆ ತಿರುಗುವ ಬಣ್ಣವಲ್ಲ ಇದು, ಗಾಳಿ ಮುಟ್ಟಿದಲ್ಲೆಲ್ಲ ಹೆಜ್ಜೆ ಹೆಜ್ಜೆಯಾಗಿ ಬರುತ್ತದೆ. ಒಣಗಿದ ಮೇಲೆ ಇನ್ನೊಂದು ಮುಳುಗು. ಒಂದೇ ಮುಳುಗಿಗೆ ಗಾಢ ಬರಲೆಂದು ಹೆಚ್ಚು ಹೊತ್ತು ಬಿಟ್ಟರೆ ಅಂಟಿನ ಸರಿ ನೆನೆದು ಬಿಡುತ್ತದೆ.

ಮಧ್ಯಾಹ್ನದ ಕೆಲಸ ತೊಳೆಯುವುದು, ಇಡೀ ಕಸುಬಿನ ಜೀವ ಇರುವುದೂ ಇಲ್ಲೇ. ನೀಲಿ ಒಣಗಿದ ಬಟ್ಟೆಯನ್ನು ನೀರಿನಲ್ಲಿ ಬಡಿದು ಸುಣ್ಣ, ಮಣ್ಣು, ಸಗಣಿ, ಹಿಡಿಯದೆ ಉಳಿದ ಕಬ್ಬಿಣ ಎಲ್ಲವನ್ನೂ ಬಿಡಿಸಬೇಕು. ನೀರು ಹರಿಯುತ್ತಿರಬೇಕು. ನಿಂತ ನೀರಾದರೆ ಬಿಟ್ಟ ಕಬ್ಬಿಣವೂ ಪಟಿಕವೂ ಬೇರೆಡೆ ಕೂತು ಬಿಳಿಯ ಮೇಲೆ ಬೂದು, ನೀಲಿಯ ಮೇಲೆ ಕಂದು. ಈ ಕಸುಬಿನ ಖತ್ರಿ ಸಮುದಾಯದವರು 16ನೇ ಶತಮಾನದಲ್ಲಿ ಸಿಂಧ್‌ನಿಂದ ಬಂದು ಕಚ್ಛದ ಧಮಡ್ಕಾ ಊರಿನಲ್ಲಿ ನೆಲೆ ನಿಂತದ್ದು ಅಲ್ಲಿ ಸಾರಣ ನದಿ ಹರಿಯುತ್ತಿತ್ತೆಂದು. ನದಿ ಬತ್ತಿತು. ಅಂತರ್ಜಲಕ್ಕೆ ಕೊಳವೆ ಇಳಿಸಿದರು. 2001ರ ಜನವರಿ 26ರ ಭೂಕಂಪದಲ್ಲಿ ಧಮಡ್ಕಾ ನೆಲಸಮವಾಯಿತು, ನೀರಿನಲ್ಲಿ ಕಬ್ಬಿಣದ ಅಂಶವೂ ಹೆಚ್ಚಿತು. ಕಬ್ಬಿಣದ ನೀರಿನಲ್ಲಿ ಅಳಲೆಯ ಬಟ್ಟೆ ಏನಾಗುತ್ತದೆಂದು ಆಗಲೇ ಹೇಳಿದೆ, ಕೆಂಪೂ ಹಾಗೆಯೇ ಮಂಕಾಗಿ ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ. ಅನೇಕ ಮನೆತನಗಳು ನೀರು ಹುಡುಕಿಕೊಂಡು ಬಂದು ಕಟ್ಟಿದ ಊರು ಅಜ್ರಖ್‌ಪುರ. ಬೇರೆ ಊರಿಗೆ ಹೆಸರು ದೇವರಿಂದಲೋ ರಾಜನಿಂದಲೋ ಬರುತ್ತದೆ, ಇಲ್ಲಿ ಒಂದು ಬಟ್ಟೆಯಿಂದ.

ಮೂರು ಗಂಟೆಗೆ ದೊಡ್ಡ ತಾಮ್ರದ ಹಂಡೆಯ ಕೆಳಗೆ ಹುಚ್ಚು ಜಾಲಿಯ ಕಟ್ಟಿಗೆ ಧಗಧಗಿಸುತ್ತದೆ. ಹಂಡೆಯಲ್ಲಿ ಕೆಂಪಿನ ಅಲಿಜರಿನ್, ಜೊತೆಗೆ ಧಾವಡಿ ಹೂವು. ಹೂವು ಹಾಕುವುದು ಕೆಂಪು ಸಮನಾಗಿ ಬರಲು, ಬಿಳಿಯ ಮೇಲೆ ಕಲೆ ನಿಲ್ಲದಿರಲು. ಎಲ್ಲವೂ ಗಿಡದಿಂದಲೇ ಎಂದು ಅಂಗಡಿಯಲ್ಲಿ ಹೇಳುವುದನ್ನು ಸ್ವಲ್ಪ ಅನುಮಾನದಿಂದಲೇ ಕೇಳುವುದು ಒಳ್ಳೆಯದು. ಮಂಜಿಷ್ಠದ ಸೋದರ ಗಿಡವಾದ ಮ್ಯಾಡರ್‌ನ ಬೇರಿನಲ್ಲಿ ಸಿಗುವ ಬಣ್ಣದ ತಿರುಳಾದ ಅಲಿಜರಿನ್ ಅನ್ನು 1868ರಲ್ಲೇ ಜರ್ಮನಿಯಲ್ಲಿ ರಾಸಾಯನಿಕವಾಗಿ ತಯಾರಿಸಿದರು, ಅಂಗಳಗಳಲ್ಲಿ ಬಳಕೆಯಲ್ಲಿರುವುದು ಬಹುಪಾಲು ಅದು. ಅದರಿಂದ ಬಟ್ಟೆ ಕೀಳಾಗುವುದಿಲ್ಲ, ಬೆಲೆ ಚೀಟಿಯ ಮಾತು ಸುಳ್ಳಾಗುತ್ತದೆ ಅಷ್ಟೆ.

ಹಂಡೆಯ ನೀರು ಒಂದೇ, ಬಟ್ಟೆಯ ಮೇಲೆ ಬರುವ ಬಣ್ಣ ಬೇರೆ ಬೇರೆ. ಪಟಿಕ ಕೂತಲ್ಲಿ ಕೆಂಪು, ಕಬ್ಬಿಣ ಕೂತಲ್ಲಿ ಬೂದು ಮಾಯವಾಗಿ ಗಟ್ಟಿ ಕಪ್ಪು, ಏನೂ ಇಲ್ಲದ ನೀಲಿಯ ಮೇಲೆ ಏನೂ ಇಲ್ಲ. ಇಬ್ಬರು ಕೋಲಿನಿಂದ ಎತ್ತಿ ಎತ್ತಿ ತಿರುವುತ್ತಲೇ ಇರಬೇಕು, ನಿಂತರೆ ಹಂಡೆಯ ತಳಕ್ಕೆ ತಾಗಿದ ಮಡಿಕೆಯಲ್ಲಿ ಪಟ್ಟೆ ಬೀಳುತ್ತದೆ.

ಮನೆಯಲ್ಲಿ ಇದರ ರುಚಿ ನೋಡಬೇಕೆಂದರೆ ನೀಲಿಯನ್ನು ಬಿಟ್ಟು ಕೆಂಪಿಗೆ ಕೈ ಹಾಕುವುದು ಕ್ಷೇಮ. ಸಾಮಾನೆಲ್ಲ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. 100 ಗ್ರಾಂ ತೂಕದ ಹತ್ತಿ ಬಟ್ಟೆಯನ್ನು ಸೋಡಾ ಹಾಕಿ ಕುದಿಸಿ ಗಂಜಿ ತೆಗೆಯಿರಿ. 20 ಗ್ರಾಂ ಅಳಲೆ ಪುಡಿಯನ್ನು ಎರಡು ಲೀಟರ್ ಉಗುರುಬೆಚ್ಚಗಿನ ನೀರಿಗೆ ಹಾಕಿ, ಬಟ್ಟೆ ಅರ್ಧ ತಾಸು ನೆನೆಸಿ, ಹಿಂಡಿ, ಮತ್ತೆ ತೊಳೆಯದೆ ಹಾಸಿ ಒಣಗಿಸಿ. ಅರ್ಧ ಲೋಟ ಬಿಸಿ ನೀರಿಗೆ ಎರಡು ಚಮಚ ಪಟಿಕದ ಪುಡಿ ಕರಗಿಸಿ, ಹುಣಸೆ ಪಿಕ್ಕದ ಸರಿಯಲ್ಲಿ ಗಟ್ಟಿ ಮಾಡಿದರೆ ಕೆಂಪಿನ ಸರಿ. ಅಚ್ಚಿಲ್ಲದಿದ್ದರೆ ಹೆಚ್ಚಿದ ಬೆಂಡೆಕಾಯಿ ಸಾಕು. ಮೂರು ದಿನ ಒಣಗಲಿ, ಹರಿಯುವ ನಲ್ಲಿಯ ಕೆಳಗೆ ತೊಳೆಯಿರಿ. 100 ಗ್ರಾಂ ಮಂಜಿಷ್ಠ ಪುಡಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಬಟ್ಟೆಯೊಂದಿಗೆ ಒಂದು ತಾಸು ಕಾಯಿಸಿ. ಕೊತಕೊತ ಕುದಿಸಿದರೆ ಕೆಂಪು ಕಂದಾಗುತ್ತದೆ. ಕಬ್ಬಿಣದ ಬಾಣಲೆಯಂತೂ ಬೇಡವೇ ಬೇಡ. ಬೋರ್‌ವೆಲ್ ನೀರಿನಲ್ಲಿ ಕೆಂಪು ಮಂಕಾದರೆ ಮಳೆನೀರಿನಲ್ಲಿ ಇನ್ನೊಮ್ಮೆ ಮಾಡಿ ನೋಡಿ, ನಿಮ್ಮ ಊರಿನ ನೀರಿನ ಜಾತಕ ಬಟ್ಟೆಯ ಮೇಲೇ ಕಾಣುತ್ತದೆ.

ಐದೂವರೆಗೆ ಹಂಡೆಯಿಂದ ಬಂದ ಬಟ್ಟೆಯನ್ನು ತೊಳೆದು ಮತ್ತೆ ನೆಲಕ್ಕೆ ಹಾಸುತ್ತಾರೆ. ಬಿಳಿಗೆರೆ ಇನ್ನೂ ಬಿಳಿಯಾಗಿಲ್ಲ, ಕೆಂಪಿನ ನೀರು ಕುಡಿದು ತಿಳಿ ಗುಲಾಬಿಯಾಗಿದೆ. ಅದಕ್ಕೆ ಮದ್ದು ನಾಳೆಯ ಬಿಸಿಲು. ಬಟ್ಟೆ ಒಣಗುತ್ತಿದ್ದಂತೆ ಮೇಲೆ ನೀರು ಚಿಮುಕಿಸುವುದು, ಒಣಗಿದರೆ ಮತ್ತೆ ಚಿಮುಕಿಸುವುದು. ಇಂಥ ಒಂದೆರಡು ದಿನದಲ್ಲಿ ಗೆರೆ ತಿಳಿಯಾಗುತ್ತದೆ. ಸೂರ್ಯ ಇಳಿದ ಕೂಡಲೇ ಬಯಲಿನ ಗಾಳಿ ಎದ್ದು ಅಂಚು ಪಟಪಟ ಎನ್ನುತ್ತದೆ. ನಾಲ್ಕು ಮೂಲೆಗೂ ನಾಲ್ಕು ಕಲ್ಲು. ತುಕ್ಕಿನ ಕಬ್ಬಿಣದ ತುಂಡೇ ಕೈಗೆ ಸಿಕ್ಕರೂ ಅದನ್ನು ಇಡದೆ, ಆಚೆ ಹೋಗಿ ಕಲ್ಲನ್ನೇ ಹುಡುಕಿ ತರುತ್ತಾರೆ.