ಮೇಷ್ಟರು ಕಟ್ಟಿದ ರೇಡಿಯೋಗಳು

ಕಾಲೇಜು ಸಂಚಿಕೆಗೆ ಬರೆದು ಕೊಡಿ ಅಂತ ಕೇಳಿದಾಗ, ಹಾಸ್ಟೆಲ್ ಕ್ಯಾಂಟೀನು ಎಲ್ಲ ಬೇರೆಯವರು ಬರೆಯುತ್ತಾರೆ, ನಾನು ರೇಡಿಯೋ ಬಗ್ಗೆ ಬರೆಯುತ್ತೇನೆ ಅಂದೆ. ಕಾರಣ ಇದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾನು ಓದಿದ್ದು ಮನಃಶಾಸ್ತ್ರ, ಅಂದರೆ ಎಂ.ವಿ. ಗೋಪಾಲಸ್ವಾಮಿಯವರು ಪಾಠ ಮಾಡಿದ ವಿಷಯ. 1935ರ ಸೆಪ್ಟೆಂಬರ್‌ನಲ್ಲಿ ಅವರು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ಅದಕ್ಕೇ ಆಕಾಶವಾಣಿ ಅಂತ ಹೆಸರು ಬಂತು. ಮುಂದೆ ಇಡೀ ದೇಶದ ರೇಡಿಯೋ ಆ ಹೆಸರು ಇಟ್ಟುಕೊಂಡಿತು. ಯಾದವಗಿರಿಯ ಆಕಾಶವಾಣಿ ಮುಂದೆ ದಿನಾ ಓಡಾಡುವ ಎಷ್ಟು ಹುಡುಗರಿಗೆ ಈ ಕಥೆ ಗೊತ್ತೋ!

ಮುಂದೆ ಓದಲು ಅಮೆರಿಕದ ಮ್ಯಾಡಿಸನ್‌ಗೆ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋದೆ. ಅಲ್ಲೂ ಒಬ್ಬ ಮೇಷ್ಟರು ಕಟ್ಟಿದ ರೇಡಿಯೋ ಇತ್ತು. ಅರ್ಲ್ ಟೆರಿ ಅಂತ, ಭೌತಶಾಸ್ತ್ರದವರು. ಟ್ರಾನ್ಸ್‌ಮಿಟರ್‌ಗೆ ಬೇಕಾದ ವಾಲ್ವ್‌ಗಳು, ಅಂದರೆ ಬಲ್ಬಿನಂಥ ಗಾಜಿನ ಕೊಳವೆಗಳು, ಅಂಗಡಿಯಲ್ಲಿ ಸಿಗದ ಕಾಲ ಅದು. ಅವರೂ ವಿದ್ಯಾರ್ಥಿಗಳೂ ಸೇರಿ ಗಾಜು ಊದಿ ತಾವೇ ವಾಲ್ವ್ ಮಾಡಿಕೊಂಡರು. ಆಗ ಕೇಂದ್ರದ ಹೆಸರು 9ಎಕ್ಸ್‌ಎಂ. 1922ರಲ್ಲಿ ಡಬ್ಲ್ಯುಎಚ್‌ಎ ಆಯಿತು. ಇವತ್ತು ಅದು ವಿಸ್ಕಾನ್ಸಿನ್ ಪಬ್ಲಿಕ್ ರೇಡಿಯೋದ, ಅಂದರೆ ಆ ರಾಜ್ಯದ ಸಾರ್ವಜನಿಕ ರೇಡಿಯೋದ ಭಾಗ.

ಅವರು ಮೊದಲು ಪ್ರಸಾರ ಮಾಡಿದ್ದು ಏನು ಗೊತ್ತಾ? ಭಾಷಣ ಅಲ್ಲ, ಹವಾಮಾನ ವರದಿ, ಆಮೇಲೆ ಮಾರುಕಟ್ಟೆ ಧಾರಣೆ. ಸುತ್ತ ಇದ್ದವರೆಲ್ಲ ಹೈನು ಸಾಕುವ ರೈತರು. ನಾಳೆ ಹಿಮ ಬೀಳುತ್ತಾ, ಪೇಟೆಯಲ್ಲಿ ರೇಟು ಎಷ್ಟಿದೆ, ಅವರಿಗೆ ಬೇಕಾಗಿದ್ದು ಅದು. ವಿಶ್ವವಿದ್ಯಾಲಯದ ಎಲ್ಲೆ ಅಂದರೆ ಇಡೀ ರಾಜ್ಯದ ಎಲ್ಲೆ ಅಂತ ಅಲ್ಲಿ ಒಂದು ಹಳೆಯ ನಂಬಿಕೆ, 'ವಿಸ್ಕಾನ್ಸಿನ್ ಐಡಿಯಾ' ಅಂತಾರೆ. ಅದು ನಿಜವಾಗಿ ಊರೂರಿಗೆ ಹೋಗಿದ್ದು ಈ ರೇಡಿಯೋ ಮೂಲಕ. 1931ರಲ್ಲಿ 'ಸ್ಕೂಲ್ ಆಫ್ ದಿ ಏರ್' ಶುರುವಾಯಿತು. ಒಂದೇ ಕೋಣೆ, ಒಬ್ಬರೇ ಟೀಚರ್ ಇರುವ ಹಳ್ಳಿ ಶಾಲೆಗಳು, ಸಂಗೀತಕ್ಕಾಗಲಿ ಚಿತ್ರಕಲೆಗಾಗಲಿ ಯಾರೂ ಇಲ್ಲದ ಶಾಲೆಗಳು, ಅಲ್ಲಿನ ಮಕ್ಕಳು ರೇಡಿಯೋ ಸುತ್ತ ಕೂತು ಮ್ಯಾಡಿಸನ್‌ನ ಮೇಷ್ಟರ ಜೊತೆ ಹಾಡು ಕಲಿತರು, ಚಿತ್ರ ಬರೆದರು. ಆ ಮಕ್ಕಳೇ ಆಮೇಲೆ ಮ್ಯಾಡಿಸನ್‌ಗೆ ಬಂದು ಸಾವಿರಾರು ಜನ ಒಟ್ಟಿಗೆ ಹಾಡಿದ್ದೂ ಉಂಟು.

ನಾನು ಹೋಗುವ ಹೊತ್ತಿಗೆ ಅದೆಲ್ಲ ಮುಗಿದಿತ್ತು. ಆದರೆ ನಾವು ನಾಲ್ಕು ಹುಡುಗರು ಇದ್ದ ಮನೆಯ ಅಡುಗೆಮನೆಯಲ್ಲಿ ಈ ರೇಡಿಯೋ ಸದಾ ಹಾಡುತ್ತಿತ್ತು. ಹೊರಗೆ ಮೆಂಡೋಟಾ ಕೆರೆ ಹೆಪ್ಪುಗಟ್ಟಿರುತ್ತಿತ್ತು, ಒಳಗೆ ಸಾರು ಕುದಿಯುತ್ತಿತ್ತು, ರೇಡಿಯೋದಲ್ಲಿ ರೈಸ್ ಲೇಕ್ ಕಡೆಯ ಯಾರೋ ಅಜ್ಜಿ ಫೋನ್ ಮಾಡಿ ಟೊಮ್ಯಾಟೊ ಎಲೆ ಯಾಕೆ ಮುದುಡುತ್ತಿದೆ ಅಂತ ಕೇಳುತ್ತಿದ್ದಳು, ವಿಶ್ವವಿದ್ಯಾಲಯದ ತಜ್ಞರು ಒಂದಿಷ್ಟೂ ಬೇಜಾರಿಲ್ಲದೆ ನೀರು ಎಷ್ಟು ಹಾಕುತ್ತೀರಿ, ಬಿಸಿಲು ಬೀಳುತ್ತಾ ಅಂತ ವಿಚಾರಿಸಿ ಉತ್ತರ ಹೇಳುತ್ತಿದ್ದರು. ಆ ತಜ್ಞರ ಕ್ಲಾಸಿಗೆ ಹೋಗಬೇಕು ಅಂದರೆ ನಾವು ಸಾವಿರಾರು ಡಾಲರ್ ಫೀಸು ಕಟ್ಟಬೇಕಿತ್ತು. ಅಜ್ಜಿಗೆ ಪುಕ್ಕಟೆ. ಅದು ನನಗೆ ತುಂಬಾ ಇಷ್ಟವಾಯಿತು. ಸಾರ್ವಜನಿಕ ವಿಶ್ವವಿದ್ಯಾಲಯ ಅಂದರೆ ಹೀಗಿರಬೇಕು ಅಲ್ವಾ?

2025ರ ಜುಲೈನಲ್ಲಿ ಅಮೆರಿಕದ ಕಾಂಗ್ರೆಸ್, ಸಾರ್ವಜನಿಕ ರೇಡಿಯೋ ಮತ್ತು ಟಿವಿಗೆ ಮುಂದಿನ ಎರಡು ವರ್ಷಕ್ಕೆ ಇಟ್ಟಿದ್ದ ಸುಮಾರು 110 ಕೋಟಿ ಡಾಲರ್ ಹಣವನ್ನು ವಾಪಸ್ ತೆಗೆದುಕೊಂಡಿತು. ಆ ಹಣ ಹಂಚಲೆಂದೇ 1967ರ ಕಾಯ್ದೆಯಿಂದ ಹುಟ್ಟಿದ್ದ ಕಾರ್ಪೊರೇಷನ್ ಫಾರ್ ಪಬ್ಲಿಕ್ ಬ್ರಾಡ್‌ಕಾಸ್ಟಿಂಗ್, ಆಗಸ್ಟ್ ಮೊದಲ ದಿನವೇ ಬಾಗಿಲು ಹಾಕುವ ಕೆಲಸ ಶುರು ಮಾಡುತ್ತೇವೆ ಅಂತ ಹೇಳಿತು. ದೇಶದಲ್ಲಿ 1,500ಕ್ಕೂ ಜಾಸ್ತಿ ಸ್ಥಳೀಯ ಕೇಂದ್ರಗಳಿಗೆ ಇದರಿಂದ ಹಣ ಬರುತ್ತಿತ್ತು. ಅವುಗಳಲ್ಲಿ ಎಷ್ಟೋ ರೇಡಿಯೋಗಳ ಲೈಸೆನ್ಸ್ ವಿಶ್ವವಿದ್ಯಾಲಯ, ಕಾಲೇಜುಗಳ ಹೆಸರಲ್ಲೇ ಇದೆ. ವಿಸ್ಕಾನ್ಸಿನ್‌ನ ಈ ರೇಡಿಯೋದಲ್ಲೂ ಅದೇ ವರ್ಷ ನೌಕರರನ್ನು ತೆಗೆದರು, ಮೂವತ್ತು ವರ್ಷಕ್ಕೂ ಮೇಲೆ ನಡೆದ ಒಂದು ಒಳ್ಳೆಯ ಮಾತುಕತೆ ಕಾರ್ಯಕ್ರಮ ನಿಂತುಹೋಯಿತು.

ಕೈಯಲ್ಲಿ ಫೋನ್ ಇದೆ, ಪಾಡ್‌ಕಾಸ್ಟ್ ಇದೆ, ಸರ್ಕಾರ ಯಾಕೆ ದುಡ್ಡು ಕೊಡಬೇಕು ಅಂತ ನನ್ನ ಸ್ನೇಹಿತರೇ ಕೇಳುತ್ತಾರೆ. ಹಿಮಗಾಳಿ ಎದ್ದು ರಸ್ತೆ ಮುಚ್ಚಿದ ದಿನ ನಿಮ್ಮ ಜಿಲ್ಲೆಯ ಸುದ್ದಿಯನ್ನು ಯಾವ ಪಾಡ್‌ಕಾಸ್ಟ್ ಹೇಳುತ್ತದೆ? ಕೇಳುಗರೇ ವಂತಿಗೆ ಕೊಡಲಿ ಅನ್ನುವುದೂ ಸುಲಭದ ಮಾತು. ಕೊಡುತ್ತಾರೆ, ಮ್ಯಾಡಿಸನ್‌ನಂಥ ಊರಿನಲ್ಲಿ ಧಾರಾಳವಾಗಿ ಕೊಡುತ್ತಾರೆ. ಉತ್ತರದ ಕಾಡುಗಳ ನಡುವೆ ಚದುರಿಕೊಂಡ ಸಣ್ಣ ಊರುಗಳಲ್ಲಿ ಜನವೇ ಕಡಿಮೆ. ಟವರಿನ ಖರ್ಚು ಮಾತ್ರ ಕಡಿಮೆ ಆಗುವುದಿಲ್ಲ.

ಗೋಪಾಲಸ್ವಾಮಿಯವರಿಗೂ ಇದೇ ಕಷ್ಟ ಬಂತು. ಸ್ವಂತ ದುಡ್ಡು ಹಾಕಿ, ಅವರಿವರ ನೆರವು ಪಡೆದು ಕೆಲವು ವರ್ಷ ನಡೆಸಿದರು. ಎಷ್ಟು ದಿನ ಆಗುತ್ತದೆ? ಕೊನೆಗೆ 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು, ಹಾಗಾಗಿ ಉಳಿಯಿತು. ಅವತ್ತು ಸಂಸ್ಥಾನ ಕೈಚೆಲ್ಲಿದ್ದರೆ ಮೈಸೂರು ಆಕಾಶವಾಣಿಯ ಎಷ್ಟು ನಾಟಕ, ಎಷ್ಟು ಕಚೇರಿ, ಎಷ್ಟು ಕೃಷಿ ಕಾರ್ಯಕ್ರಮ ನಮಗೆ ತಪ್ಪಿಹೋಗುತ್ತಿತ್ತೋ.

ಮ್ಯಾಡಿಸನ್ ಬಿಟ್ಟು ಬಂದರೂ ಆ ರೇಡಿಯೋಗೆ ತಿಂಗಳಿಗೊಮ್ಮೆ ವಂತಿಗೆ ಕಳಿಸುತ್ತೇನೆ. ನನ್ನ ಜೊತೆ ಓದಿದ ಇನ್ನೂ ಕೆಲವರು ಈಗ ಕಳಿಸಲು ಶುರು ಮಾಡಿದ್ದಾರೆ. ಇದನ್ನು ಓದುವ ನಮ್ಮ ಕಾಲೇಜಿನವರು ವಿಸ್ಕಾನ್ಸಿನ್‌ನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಒಂದು ಕೆಲಸ ಮಾಡಿ. ಆ ರೇಡಿಯೋಗೆ ರಾಜ್ಯದ ಹಣವೂ ಬರುತ್ತದೆ. ನಿಮ್ಮ ಕಡೆಯ ಶಾಸಕರ ಕಚೇರಿಗೆ ಫೋನ್ ಮಾಡಿ, ಅದಕ್ಕೂ ಕೈ ಹಾಕಬೇಡಿ ಅಂತ ಹೇಳಿ.